ತಾಳಿದವನು ಬಾಳಿದನೇ?

ಹೆವಿವೇಟ್ ಮುಷ್ಟಿಯುದ್ಧದ ಅಭಿಮಾನಿಗಳು ನಾಲ್ವರು ಸೇರಿದರೆಂದರೆ ಮಾತು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತದೆ. ಯಾವ ಕಾಲದವನು ಹೆಚ್ಚು ಗಟ್ಟಿ? ಜೋ ಲೂಯಿಯೋ, ರಾಕಿ ಮಾರ್ಸಿಯಾನೊನೋ, ಮಹಮ್ಮದ್ ಅಲಿಯೋ, ಅಥವಾ ಈಚಿನ ಆರೂವರೆ ಅಡಿ ಎತ್ತರದ ದೈತ್ಯರೋ? ಹೆಚ್ಚು ಹೊಡೆದವನು ಯಾರು ಎಂಬುದಕ್ಕಿಂತ ಹೆಚ್ಚು ಹೊಡೆತ ತಿಂದೂ ನಿಂತವನು ಯಾರು ಎಂಬ ಪ್ರಶ್ನೆಗೇ ಅಲ್ಲಿ ಹೆಚ್ಚು ಕಾವು. ಪಟ್ಟಿಗಳು ತಯಾರಾಗುತ್ತವೆ. ಒಬ್ಬನ ಗದ್ದ ಕಬ್ಬಿಣದ್ದು, ಇನ್ನೊಬ್ಬನದು ಗಾಜಿನದು ಎಂಬ ತೀರ್ಪುಗಳು ಹೊರಬೀಳುತ್ತವೆ.

ಇದರಲ್ಲಿ ನಮಗೇನು ಕೆಲಸ ಎಂದು ನೀವು ಕೇಳಬಹುದು. ಅಮೆರಿಕದ ಕಾದಂಬರಿಕಾರ್ತಿ ಜಾಯ್ಸ್ ಕೆರಾಲ್ ಓಟ್ಸ್ ಮುಷ್ಟಿಯುದ್ಧದ ಬಗ್ಗೆಯೇ ಒಂದು ಪುಸ್ತಕ ಬರೆದು 1987ರಲ್ಲಿ ಪ್ರಕಟಿಸಿದಾಗ ಆಕೆಯನ್ನೂ ಅನೇಕರು ಹೀಗೆಯೇ ಕೇಳಿರಬೇಕು. ನನ್ನ ಉತ್ತರ ಸರಳವಾದದ್ದು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಹುಟ್ಟಿದಂದಿನಿಂದ ಕೇಳುತ್ತ ಬೆಳೆದವರು ನಾವು. ಗಾದೆಯಲ್ಲಿರುವುದು ‘ತಾಳಿದವನು’ ಆದರೂ ಅದನ್ನು ಹೇಳಿಸಿಕೊಳ್ಳುವವಳು ಹೆಚ್ಚಾಗಿ ‘ತಾಳಿದವಳು’. ತಾಳ್ಮೆಯನ್ನೇ ಸ್ಪರ್ಧೆಯಾಗಿಸಿ, ಗಡಿಯಾರ ಹಿಡಿದು ಅಳೆದು, ಅದಕ್ಕೆ ಪಟ್ಟ ಕಟ್ಟುವ ಕಡೆ ಆ ಗಾದೆ ನಿಜವೇ ಎಂದು ಪರೀಕ್ಷಿಸಿ ನೋಡುವ ಆಸೆ ಯಾರಿಗಿಲ್ಲ?

ಮೊದಲು ಅಳತೆಗೋಲಿನ ಮಾತು. 1889ರ ಜುಲೈ 8ರಂದು ಮಿಸಿಸಿಪಿಯ ರಿಚ್‌ಬರ್ಗ್ ಎಂಬಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ ಬರಿಗೈಯಲ್ಲಿ 75 ಸುತ್ತು ಹೊಡೆದಾಡಿದರು. ಇಂದಿನವರು ಆಡುವುದು 12 ಸುತ್ತು. ಹಾಗಾದರೆ ಹಳಬರು ಆರು ಪಟ್ಟು ಗಟ್ಟಿಯೇ? ಅಷ್ಟು ಅವಸರ ಬೇಡ. ಆ ಕಾಲದ ನಿಯಮದಲ್ಲಿ ಒಬ್ಬ ನೆಲಕ್ಕೆ ಬಿದ್ದರೆ ಸುತ್ತು ಮುಗಿಯಿತು. ಜಾರಿ ಬಿದ್ದರೂ ಸರಿ, ಎದುರಾಳಿ ಎತ್ತಿ ಕೆಡವಿದರೂ ಸರಿ. 75 ಸುತ್ತಿಗೆ ಹಿಡಿದದ್ದು ಎರಡು ಗಂಟೆ ಹದಿನಾರು ನಿಮಿಷ. ಬಿರುಬಿಸಿಲಿನಲ್ಲಿ ಅದೇನೂ ಸಣ್ಣ ಮಾತಲ್ಲ, ನಿಜ. ಆದರೆ ಇನ್ನೊಂದು ಸಂಗತಿಯೂ ಇದೆ. ಬರಿಗೈಯಿಂದ ತಲೆಬುರುಡೆಗೆ ಗುದ್ದಿದರೆ ಮೊದಲು ಮುರಿಯುವುದು ಗುದ್ದಿದವನ ಬೆರಳು. ಆದ್ದರಿಂದ ಆ ಕಾಲದವರು ತಲೆಗೆ ಎಷ್ಟು ಬೇಕೋ ಅಷ್ಟೇ ಹೊಡೆದು, ಮೈಗೆ ಹೆಚ್ಚು ಹೊಡೆಯುತ್ತಿದ್ದರು. 1867ರ ಕ್ವೀನ್ಸ್‌ಬರಿ ನಿಯಮಗಳು ಕೈಗವಸು ತಂದವು, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ ತಂದವು. ಕೈಗವಸನ್ನು ನೋಡಿ ನಮಗೆ ದಯೆಯ ನೆನಪಾಗುತ್ತದೆ. ವಾಸ್ತವವಾಗಿ ಅದು ಕಾಪಾಡಿದ್ದು ಹೊಡೆಯುವ ಕೈಯನ್ನು. ಹೊಡೆತ ತಿನ್ನುವ ತಲೆಯನ್ನಲ್ಲ. ಕೈ ಮುರಿಯುವ ಭಯ ಹೋದ ಮೇಲೆ ತಲೆಗೆ ಎಷ್ಟು ಬೇಕಾದರೂ ಹೊಡೆಯಬಹುದಾಯಿತು.

ಇನ್ನು ತೂಕ. ಮಾರ್ಸಿಯಾನೊ 5 ಅಡಿ 10 ಅಂಗುಲದ, ಸುಮಾರು 85 ಕಿಲೋ ತೂಗುವ ಆಳು. ಇಂದಿನ ಲೆಕ್ಕದಲ್ಲಿ ಅವನು ಹೆವಿವೇಟ್ ಅಲ್ಲವೇ ಅಲ್ಲ, ಅದಕ್ಕಿಂತ ಕೆಳಗಿನ ಕ್ರೂಸರ್‌ವೇಟ್‌ನವನು. ಉಕ್ರೇನಿನ ವ್ಲಾದಿಮಿರ್ ಕ್ಲಿಚ್ಕೊ ಸುಮಾರು 110 ಕಿಲೋ. 85 ಕಿಲೋದವರ ಗುದ್ದು ತಡೆದವನನ್ನೂ 110 ಕಿಲೋದವರ ಗುದ್ದು ತಡೆದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಪಂದ್ಯಗಳ ನಡುವಣ ಬಿಡುವೂ ಬದಲಾಗಿದೆ. ಜೋ ಲೂಯಿ 1940ರ ಡಿಸೆಂಬರಿನಿಂದ 1941ರ ಜೂನ್‌ವರೆಗಿನ ಏಳು ತಿಂಗಳಲ್ಲಿ ಏಳು ಬಾರಿ ತನ್ನ ಪಟ್ಟವನ್ನು ಪಣಕ್ಕಿಟ್ಟ. ಇಂದಿನ ಚಾಂಪಿಯನ್‌ಗಳು ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕಣಕ್ಕಿಳಿಯುತ್ತಾರೆ. ನಿಯಮವೂ ಬೇರೆ. 1919ರಲ್ಲಿ ಜ್ಯಾಕ್ ಡೆಂಪ್ಸಿ ದೈತ್ಯಾಕಾರದ ಜೆಸ್ ವಿಲ್ಲಾರ್ಡನನ್ನು ಮೊದಲ ಸುತ್ತಿನಲ್ಲೇ ಏಳು ಸಲ ನೆಲಕ್ಕೆ ಕೆಡವಿದ. ಬಿದ್ದವನು ಏಳುತ್ತಿದ್ದಂತೆಯೇ ಪಕ್ಕದಲ್ಲಿ ನಿಂತಿದ್ದವನು ಮತ್ತೆ ಹೊಡೆಯಬಹುದಿತ್ತು. ಹೊಡೆದವನು ದೂರದ ಮೂಲೆಗೆ ಹೋದ ಮೇಲೆಯೇ ಎಣಿಕೆ ಶುರುವಾಗಬೇಕೆಂಬ ನಿಯಮ ಆಮೇಲೆ ಬಂತು.

ಇಷ್ಟೆಲ್ಲ ಅಂತರವಿದ್ದರೂ ಮನುಷ್ಯನಿಗೆ ಹೋಲಿಸದೆ ಸಮಾಧಾನವಿಲ್ಲ. 1969ರಲ್ಲಿ ಒಂದು ಕಂಪ್ಯೂಟರಿಗೆ ಅಂಕಿಅಂಶ ತುಂಬಿ, ಮಾರ್ಸಿಯಾನೊ ಮತ್ತು ಅಲಿ ಇಬ್ಬರನ್ನೂ ಕರೆಸಿ, ಸುಳ್ಳುಸುಳ್ಳೇ ಹೊಡೆದಾಡಿಸಿ ಚಿತ್ರೀಕರಿಸಿದರು. ನಿವೃತ್ತನಾಗಿ ಹದಿಮೂರು ವರ್ಷವಾಗಿದ್ದ ಮಾರ್ಸಿಯಾನೊ ಅದಕ್ಕಾಗಿ ಮೈ ಇಳಿಸಿ, ತಲೆಗೆ ಟೋಪನ್ ಹಾಕಿಕೊಂಡು ಬಂದಿದ್ದ. 1970ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೋರಿಸಿದಾಗ ಅಮೆರಿಕದ ಪ್ರೇಕ್ಷಕರು ಕಂಡದ್ದು ಹದಿಮೂರನೆಯ ಸುತ್ತಿನಲ್ಲಿ ಅಲಿ ನೆಲಕ್ಕೊರಗುವುದನ್ನು. ಅದನ್ನು ನೋಡಲು ಮಾರ್ಸಿಯಾನೊ ಇರಲಿಲ್ಲ. 1969ರ ಆಗಸ್ಟ್ 31ರಂದು, ತನ್ನ 46ನೆಯ ಹುಟ್ಟುಹಬ್ಬದ ಹಿಂದಿನ ದಿನ, ಅವನು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. 49 ಪಂದ್ಯಗಳಲ್ಲಿ ಒಮ್ಮೆಯೂ ಸೋಲದ ದೇಹ ಅದು.

ಹಾಗಾಗಿ ‘ಗಟ್ಟಿತನ’ ಎಂಬ ಒಂದೇ ಪದದೊಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ ಎನ್ನುವುದನ್ನು ಮೊದಲು ಬಿಡಿಸಿಕೊಳ್ಳಬೇಕು. ಒಂದು, ಆ ಕ್ಷಣದ ಹೊಡೆತವನ್ನು ತಡೆಯುವ ಶಕ್ತಿ. ಎರಡು, ವರ್ಷಗಟ್ಟಲೆ ಕಣದಲ್ಲಿ ಉಳಿಯುವ ಶಕ್ತಿ. ಮೂರು, ಕಣದಿಂದ ಇಳಿದ ಮೇಲೂ ಮನುಷ್ಯನಾಗಿ ಉಳಿಯುವ ಶಕ್ತಿ. ಪಟ್ಟಿ ಮಾಡುವವರು ಮೊದಲನೆಯದನ್ನು ಕೊಂಡಾಡುತ್ತಾರೆ, ಎರಡನೆಯದನ್ನು ಲೆಕ್ಕ ಇಡುತ್ತಾರೆ, ಮೂರನೆಯದನ್ನು ಕೇಳುವುದೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಮೊದಲನೆಯ ಶಕ್ತಿಗೆ ಕೆನಡಾದ ಜಾರ್ಜ್ ಚುವಾಲೊನಿಗಿಂತ ದೊಡ್ಡ ಉದಾಹರಣೆ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ 93 ಪಂದ್ಯ ಆಡಿದ. ಅಲಿ, ಫ್ರೇಜಿಯರ್, ಫೋರ್‌ಮನ್ ಮೂವರ ಕೈಯ ರುಚಿಯನ್ನೂ ಕಂಡ. ಒಂದೇ ಒಂದು ಸಲವೂ ನೆಲಕ್ಕೆ ಬೀಳಲಿಲ್ಲ. ರೆಫರಿಗಳು ನೋಡಲಾರದೆ ಪಂದ್ಯ ನಿಲ್ಲಿಸಿದ್ದುಂಟು, ಅವನು ಬಿದ್ದದ್ದಿಲ್ಲ. 1966ರಲ್ಲಿ ಟೊರಾಂಟೊದಲ್ಲಿ ಅಲಿಯೆದುರು ಹದಿನೈದು ಸುತ್ತೂ ನಿಂತು ಸೋತ ಮೇಲೆ, ಅಲಿ ಆಸ್ಪತ್ರೆಗೆ ಹೋದ, ನಾನು ಹೆಂಡತಿಯ ಜೊತೆ ನೃತ್ಯಕ್ಕೆ ಹೋದೆ ಎಂದು ಅವನು ತಮಾಷೆ ಮಾಡುತ್ತಿದ್ದ. ಪಟ್ಟಿಗಳಲ್ಲಿ ಚುವಾಲೊನ ಕಥೆ ಇಲ್ಲಿಗೆ ಮುಗಿಯುತ್ತದೆ.

ಬದುಕಿನಲ್ಲಿ ಮುಗಿಯಲಿಲ್ಲ. ಮಾದಕವಸ್ತುವಿನ ಚಟಕ್ಕೆ ಬಿದ್ದ ಒಬ್ಬ ಮಗ 1985ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಇನ್ನೊಬ್ಬ 1993ರಲ್ಲಿ ಹೆರಾಯಿನ್‌ನಿಂದ ಸತ್ತ. ಅದಾದ ಕೆಲವೇ ದಿನಗಳಲ್ಲಿ, ಜೊತೆಯಲ್ಲಿ ನೃತ್ಯಕ್ಕೆ ಹೋಗಿದ್ದ ಆ ಹೆಂಡತಿ ತಾನೂ ಪ್ರಾಣ ಕಳೆದುಕೊಂಡಳು. 1996ರಲ್ಲಿ ಮೂರನೆಯ ಮಗನೂ ಹೆರಾಯಿನ್‌ಗೆ ಬಲಿಯಾದ. ಚುವಾಲೊ ಆಮೇಲೆ ಊರೂರಿನ ಶಾಲೆಗಳಿಗೆ ಹೋಗಿ, ಮಕ್ಕಳ ಮುಂದೆ ನಿಂತು, ತನ್ನ ಮನೆಯಲ್ಲಾದದ್ದನ್ನು ಬಾಯಿಬಿಟ್ಟು ಹೇಳುತ್ತ ಮಾದಕವಸ್ತುವಿನ ವಿರುದ್ಧ ಎಚ್ಚರಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದ. ಜಾರ್ಜ್ ಫೋರ್‌ಮನ್‌ನ ಗುದ್ದಿಗೆ ಬೀಳದಿದ್ದುದು ದೊಡ್ಡದೋ, ಇದು ದೊಡ್ಡದೋ? ಇದಕ್ಕೆ ಯಾವ ದಾಖಲೆ ಪುಸ್ತಕದಲ್ಲೂ ಅಂಕಣವಿಲ್ಲ. ಆ ತಾಯಿಯ ಮಟ್ಟಿಗಂತೂ ಸುತ್ತಿನ ಗಂಟೆ ಹೊಡೆಯುವವರೂ ಇರಲಿಲ್ಲ, ಸಾಕು ಎಂದು ತಡೆಯುವ ರೆಫರಿಯೂ ಇರಲಿಲ್ಲ.

ಅಲಿಯ ವಿಷಯಕ್ಕೆ ಬರೋಣ. ಅವನನ್ನು ಎರಡು ಭಾಗವಾಗಿ ನೋಡಬೇಕು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇರಲೊಲ್ಲದೆ ಪಟ್ಟ ಕಳೆದುಕೊಳ್ಳುವವರೆಗಿನ ಅಲಿ ಹೊಡೆತ ತಡೆದುಕೊಳ್ಳುವವನಲ್ಲ, ಹೊಡೆತಕ್ಕೆ ಸಿಗದವನು. ಅವನ ಕಾಲು ಅಷ್ಟು ಚುರುಕು. ಮೂರೂವರೆ ವರ್ಷ ಹೊರಗಿಟ್ಟ ಮೇಲೆ 1970ರಲ್ಲಿ ಮರಳಿ ಬಂದಾಗ ಆ ಕಾಲು ಮೊದಲಿನಂತಿರಲಿಲ್ಲ. ಆಗ ಅವನಿಗೆ ತನ್ನಲ್ಲಿ ಇನ್ನೊಂದು ಶಕ್ತಿ ಇರುವುದು ಗೊತ್ತಾಯಿತು: ಎಷ್ಟು ಹೊಡೆದರೂ ತಡೆದುಕೊಳ್ಳಬಲ್ಲೆ ಎಂಬುದು. ಆ ಅರಿವೇ ಅವನ ದೊಡ್ಡ ದುರದೃಷ್ಟ ಎಂದು ನನಗನ್ನಿಸುತ್ತದೆ.

1971ರಲ್ಲಿ ಫ್ರೇಜಿಯರ್‌ನ ಎಡಗೈ ಹೊಡೆತಕ್ಕೆ ಹದಿನೈದನೆಯ ಸುತ್ತಿನಲ್ಲಿ ಅಂಗಾತ ಬಿದ್ದು ಕೂಡಲೇ ಎದ್ದ. 1973ರಲ್ಲಿ ಕೆನ್ ನಾರ್ಟನ್ ದವಡೆ ಮುರಿದ. ಮುರಿದ ದವಡೆಯಲ್ಲೇ ಹನ್ನೆರಡು ಸುತ್ತು ಮುಗಿಸಿದ. 1974ರ ಅಕ್ಟೋಬರ್ 30ರಂದು ಕಿನ್ಷಾಸಾದಲ್ಲಿ ಹಗ್ಗಕ್ಕೊರಗಿ ನಿಂತು, ಫೋರ್‌ಮನ್ ದಣಿಯುವಷ್ಟು ಹೊಡೆಸಿಕೊಂಡು, ಎಂಟನೆಯ ಸುತ್ತಿನಲ್ಲಿ ಅವನನ್ನು ಮಲಗಿಸಿದ. ಜಗತ್ತು ಅದನ್ನು ಜಾಣತನವೆಂದು ಹೊಗಳಿತು. ಜಾಣತನ ಹೌದು. ಆದರೆ ಆ ಜಾಣತನದ ಬೆಲೆಯನ್ನು ಮೈ ಬರೆದಿಟ್ಟುಕೊಳ್ಳುತ್ತಿತ್ತು. ಅಭ್ಯಾಸದ ದಿನಗಳಲ್ಲೂ ತನ್ನ ಜೊತೆಗಾರರಿಂದ ಬೇಕೆಂದೇ ಹೊಡೆಸಿಕೊಂಡು ಮೈ ಗಟ್ಟಿ ಮಾಡಿಕೊಳ್ಳುವ ರೂಢಿ ಅವನಿಗಿತ್ತು. ಮಿದುಳು ಅಂಗೈಯ ಹಾಗೆ ಜಡ್ಡುಗಟ್ಟುವ ಅಂಗವಲ್ಲವಲ್ಲ!

1977ರಲ್ಲಿ ಅರ್ನಿ ಶೇವರ್ಸ್ ಎಂಬ ಭಾರಿ ಹೊಡೆತಗಾರನ ಎದುರು ಅಲಿ ಹದಿನೈದು ಸುತ್ತು ನಿಂತು ಗೆದ್ದ. ಆ ಪಂದ್ಯದ ನಂತರ ಅವನ ವೈದ್ಯ ಫರ್ಡಿ ಪಚೆಕೊ ಅವನ ಮೂತ್ರಪಿಂಡಗಳು ಕೆಡುತ್ತಿವೆಯೆಂದು ತೋರಿಸುವ ವರದಿಯನ್ನು ಅಲಿಗೂ ಅವನ ಹೆಂಡತಿಗೂ ವ್ಯವಸ್ಥಾಪಕನಿಗೂ ಕಳಿಸಿದ. ಯಾರಿಂದಲೂ ಉತ್ತರ ಬರಲಿಲ್ಲ. ವೈದ್ಯ ಬಿಟ್ಟು ಹೋದ. ಅಲಿ ಬಿಡಲಿಲ್ಲ. 1980ರ ಅಕ್ಟೋಬರ್ 2ರಂದು, ಒಂದು ಕಾಲಕ್ಕೆ ತನ್ನ ಅಭ್ಯಾಸದ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸ್‌ನ ಎದುರು ಹತ್ತು ಸುತ್ತು ಬರೀ ಹೊಡೆತ ತಿಂದ. ತರಬೇತುದಾರ ಆಂಜೆಲೊ ಡಂಡಿ ಸಾಕು ಎಂದು ನಿಲ್ಲಿಸಿದ. 61 ಪಂದ್ಯಗಳಲ್ಲಿ ಅಲಿ ಅವಧಿಗೆ ಮುನ್ನ ಸೋತದ್ದು ಅದೊಂದೇ. ಆ ಸೋಲಿನಲ್ಲೂ ಅವನು ನಿಂತೇ ಇದ್ದ. ಪಟ್ಟಿಗಾರರು ಇದನ್ನು ಕೀರ್ತಿಯೆಂದು ಬರೆಯುತ್ತಾರೆ. 1984ರಲ್ಲಿ, 42ರ ವಯಸ್ಸಿನಲ್ಲಿ, ಅಲಿಗೆ ಪಾರ್ಕಿನ್ಸನ್ಸ್ ಲಕ್ಷಣಗಳಿವೆಯೆಂದು ವೈದ್ಯರು ಹೇಳಿದರು. ಅದಕ್ಕೆ ಗುದ್ದುಗಳೊಂದೇ ಕಾರಣವೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಗುದ್ದುಗಳಿಂದ ಒಳಿತಾಗಲಿಲ್ಲ ಎನ್ನುವುದರಲ್ಲಿ ಅನುಮಾನವೂ ಇಲ್ಲ. 1996ರ ಜುಲೈನಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಜ್ಯೋತಿ ಹಚ್ಚಲು ನಿಂತ ಅವನ ನಡುಗುವ ಕೈಯನ್ನು ನಮ್ಮಲ್ಲಿ ಅನೇಕರು ಟಿ.ವಿ.ಯಲ್ಲಿ ನೋಡಿದ್ದೇವೆ. 1986ರಲ್ಲಿ ಅವನ ಕೈ ಹಿಡಿದ ಲೋನಿ, 2016ರ ಜೂನ್ 3ರಂದು ಅವನು ತೀರಿಕೊಳ್ಳುವವರೆಗೆ ಮೂವತ್ತು ವರ್ಷ ಆ ಕೈ ಬಿಡಲಿಲ್ಲ. ಹದಿನೈದು ಸುತ್ತಿನ ಲೆಕ್ಕವನ್ನಷ್ಟೇ ಇಡುವ ಅಭಿಮಾನಿಗಳಿಗೆ ಈ ಮೂವತ್ತು ವರ್ಷ ಕಾಣುವುದಿಲ್ಲ.

ವೈದ್ಯಶಾಸ್ತ್ರಕ್ಕೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯ, ಹೊಡೆತ ತಿಂದು ತಿಂದು ಕುಡಿದವರಂತೆ ತೊದಲುವ, ತೂರಾಡುವ ಮುಷ್ಟಿಗಳ ಬಗ್ಗೆ 1928ರಲ್ಲಿಯೇ ಪ್ರಬಂಧ ಬರೆದ. 1973ರಲ್ಲಿ ಇಂಗ್ಲೆಂಡಿನ ಕಾರ್ಸೆಲಿಸ್ ಮತ್ತು ಸಂಗಡಿಗರು ಸತ್ತ ಹದಿನೈದು ಮಂದಿ ಮಾಜಿ ಮುಷ್ಟಿಗಳ ಮಿದುಳನ್ನು ಪರೀಕ್ಷಿಸಿ ಅದರಲ್ಲಾಗಿದ್ದ ಹಾನಿಯನ್ನು ವಿವರಿಸಿದರು. ಇದರ ಸಾರಾಂಶ ಇಷ್ಟು: ಕೆಡಹುವ ಒಂದು ಹೊಡೆತ ಮಾತ್ರವಲ್ಲ, ಕೆಡಹದ ಸಾವಿರ ಹೊಡೆತಗಳೂ ಒಳಗೆ ಜಮೆಯಾಗುತ್ತವೆ. ಗದ್ದ ಮೆದುವಾದವನು ಎರಡನೆಯ ಸುತ್ತಿನಲ್ಲಿ ಬಿದ್ದು ಮನೆಗೆ ಹೋಗುತ್ತಾನೆ. ಬೀಳುವುದೂ ಕ್ಷೇಮವಲ್ಲ, ಅದೂ ಮಿದುಳಿಗೆ ಪೆಟ್ಟೇ. ಆದರೆ ಗದ್ದ ಗಟ್ಟಿಯಾದವನು ಹದಿನೈದು ಸುತ್ತು, ಎಂದರೆ 45 ನಿಮಿಷ, ತಲೆಯನ್ನು ಎದುರಾಳಿಗೆ ಒಪ್ಪಿಸಿ ನಿಂತಿರುತ್ತಾನೆ. ಅವನ ಬಲವೇ ಅವನನ್ನು ಅಲ್ಲಿ ಕಟ್ಟಿಹಾಕುತ್ತದೆ. ಅಲಿ, ಫ್ರೇಜಿಯರ್ ಇಬ್ಬರೊಂದಿಗೂ ಎರಡೆರಡು ಸಲ ಕಾದಾಡಿದ ಜೆರಿ ಕ್ವಾರಿ ಧೈರ್ಯಕ್ಕೆ ಹೆಸರಾದವನು. ಮಿದುಳು ಕುಗ್ಗಿ, ಅನ್ನ ತಿನ್ನಿಸುವುದಕ್ಕೂ ಬೇರೆಯವರು ಬೇಕಾಗಿ, 1999ರಲ್ಲಿ 53ನೆಯ ವಯಸ್ಸಿಗೇ ತೀರಿಕೊಂಡ.

ಈಗ ಪಟ್ಟಿಗಳಲ್ಲಿ ಕೆಳಗೆ ತಳ್ಳಿಸಿಕೊಂಡವರನ್ನು ನೋಡಿ. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ 1936ರಲ್ಲಿ ಜೋ ಲೂಯಿಯನ್ನು ಕೆಡವಿ, 1938ರ ಮರುಪಂದ್ಯದಲ್ಲಿ 124 ಸೆಕೆಂಡುಗಳಲ್ಲಿ ತಾನೇ ಮಣ್ಣುಮುಕ್ಕಿದ. ಅವನು ಬದುಕಿದ್ದು 99 ವರ್ಷ, ಸತ್ತದ್ದು 2005ರಲ್ಲಿ. ಅವನನ್ನು ಸೋಲಿಸಿದ ಲೂಯಿ ಹನ್ನೆರಡು ವರ್ಷ ಚಾಂಪಿಯನ್ ಆಗಿದ್ದು, 25 ಸಲ ಪಟ್ಟ ಉಳಿಸಿಕೊಂಡು, 1949ರಲ್ಲಿ ನಿವೃತ್ತನಾದವನು. ತೆರಿಗೆಯ ಸಾಲ ತೀರಿಸಲು ಮತ್ತೆ ಕಣಕ್ಕಿಳಿದು 1951ರಲ್ಲಿ ಮಾರ್ಸಿಯಾನೊನ ಕೈಯಲ್ಲಿ ಹಗ್ಗದಾಚೆಗೆ ಬಿದ್ದ. ಕೊನೆಗೆ ಲಾಸ್ ವೇಗಾಸ್‌ನ ಜೂಜುಗೃಹವೊಂದರಲ್ಲಿ ಅತಿಥಿಗಳಿಗೆ ಕೈಕುಲುಕುವ ಕೆಲಸ ಮಾಡುತ್ತ, ಗಾಲಿಕುರ್ಚಿ ಸೇರಿ, 66ಕ್ಕೆ ತೀರಿಕೊಂಡ. ಒಬ್ಬಿಬ್ಬರ ಆಯುಸ್ಸಿನಿಂದ ಏನನ್ನೂ ಸಾಧಿಸಲಾಗದು, ಒಪ್ಪುತ್ತೇನೆ. ಆದರೆ 124 ಸೆಕೆಂಡಿನ ಸೋಲನ್ನು ಒಬ್ಬ ಮನುಷ್ಯನ ಗಟ್ಟಿತನದ ಕೊನೆಯ ಮಾತು ಎಂದು ಬರೆಯುವುದು ಎಷ್ಟು ಬಡಪಾಯಿ ಲೆಕ್ಕ ಎಂಬುದಂತೂ ತಿಳಿಯುತ್ತದೆ.

ವ್ಲಾದಿಮಿರ್ ಕ್ಲಿಚ್ಕೊನನ್ನು ಗಾಜಿನ ಗದ್ದದವನೆಂದು ಆಡಿಕೊಂಡವರು ಎಷ್ಟೋ ಮಂದಿ. 2004ರ ಹೊತ್ತಿಗೆ ಮೂರು ಸಲ ಅವಧಿಗೆ ಮುನ್ನವೇ ಸೋತಿದ್ದ. ಅವನು ಮಾಡಿದ್ದೇನು? ಗದ್ದವನ್ನು ಗಟ್ಟಿ ಮಾಡಲು ಹೊರಡಲಿಲ್ಲ. ಎಮ್ಯಾನುಯೆಲ್ ಸ್ಟೂವರ್ಡ್ ಎಂಬ ಗುರುವಿನ ಕೆಳಗೆ, ಉದ್ದನೆಯ ಎಡಗೈ ಚಾಚಿ ಎದುರಾಳಿಯನ್ನು ದೂರವೇ ಇಡುವುದನ್ನು ಕಲಿತ. 2006ರಿಂದ 2015ರವರೆಗೆ ಅವನನ್ನು ಅಲುಗಾಡಿಸುವವರಿರಲಿಲ್ಲ. ನೋಡಲು ಬೇಸರದ ಆಟ ಎಂದು ಜನ ಗೊಣಗಿದರು. ರಕ್ತ ಕಾಣದಿದ್ದರೆ ನೋಡುವವರಿಗೆ ಬೇಸರ, ಅಷ್ಟೇ. ನನ್ನ ಪಟ್ಟಿಯಲ್ಲಿ ಅವನಿಗೆ ಮೇಲಿನ ಸ್ಥಾನ. ಅವನಿಗೂ ಮೇಲೆ ಜೀನ್ ಟನ್ನಿ. 1927ರಲ್ಲಿ ಷಿಕಾಗೊದಲ್ಲಿ ಡೆಂಪ್ಸಿಯ ಹೊಡೆತಕ್ಕೆ ಬಿದ್ದು, ಎಣಿಕೆ ತಡವಾಗಿ ಶುರುವಾದದ್ದರಿಂದ ಸಿಕ್ಕ ಹೆಚ್ಚಿನ ಕ್ಷಣಗಳನ್ನು ಪೂರ್ತಿ ಬಳಸಿಕೊಂಡು, ಎದ್ದವನೇ ವೀರಾವೇಶ ತೋರದೆ ಹಿಂದೆ ಹಿಂದೆ ಸರಿದು ಚೇತರಿಸಿಕೊಂಡು ಗೆದ್ದವನು. ಮರುವರ್ಷ ಚಾಂಪಿಯನ್ ಆಗಿದ್ದಾಗಲೇ ನಿವೃತ್ತನಾಗಿ, ಮತ್ತೆ ಕಣದತ್ತ ಸುಳಿಯದೆ, ಷೇಕ್ಸ್‌ಪಿಯರ್ ಓದಿಕೊಂಡು 81 ವರ್ಷ ಬಾಳಿದ. ಅಲಿಯ ಮಗಳು ಲೈಲಾ ಮಾಡಿದ್ದೂ ಇದನ್ನೇ. 2001ರಲ್ಲಿ ಫ್ರೇಜಿಯರ್‌ನ ಮಗಳನ್ನು ಸೋಲಿಸಿದ ಆಕೆ, 2007ರಲ್ಲಿ, 24 ಪಂದ್ಯಗಳಲ್ಲಿ ಒಮ್ಮೆಯೂ ಸೋಲದೆ, ಮೂವತ್ತು ತುಂಬುವ ಮೊದಲೇ ಕೈಗವಸು ಕಳಚಿದಳು. ತಂದೆಯ ನಡುಗುವ ಕೈಯನ್ನು ಹತ್ತಿರದಿಂದ ಕಂಡ ಮಗಳು!

ಹಾಗಾದರೆ ನಿಲ್ಲಬೇಕಾದ ಹೊತ್ತನ್ನು ತೀರ್ಮಾನಿಸುವವರು ಯಾರು? ತಾಳುತ್ತಿರುವವನಿಗೆ ಅದು ತಿಳಿಯುವುದಿಲ್ಲ. ತಿಳಿದರೂ ಹೇಳಲು ನಾಚಿಕೆ. ಅದಕ್ಕೇ ನನಗೆ ಈ ಇಡೀ ಚರಿತ್ರೆಯಲ್ಲಿ ದೊಡ್ಡವನಾಗಿ ಕಾಣುವುದು ಎಡ್ಡಿ ಫಚ್ ಎಂಬ ತರಬೇತುದಾರ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಹದಿನಾಲ್ಕು ಸುತ್ತು ಮುಗಿದಾಗ ಫ್ರೇಜಿಯರ್‌ನ ಕಣ್ಣುಗಳು ಊದಿ ಮುಚ್ಚಿಹೋಗುತ್ತಿದ್ದವು. ಉಳಿದದ್ದು ಮೂರೇ ನಿಮಿಷ. ಎದುರಿನ ಮೂಲೆಯಲ್ಲಿ ಅಲಿಯೂ ಕುಸಿಯುವ ಸ್ಥಿತಿಯಲ್ಲಿದ್ದ. ಸಾವನ್ನು ಅಷ್ಟು ಹತ್ತಿರದಿಂದ ಕಂಡದ್ದು ಅಂದೇ ಎಂದು ಅವನೇ ಆಮೇಲೆ ಹೇಳಿದ. ಫ್ರೇಜಿಯರ್ ಏಳಲು ಹೊರಟ, ಬೇಡಿಕೊಂಡ. ಫಚ್ ಅವನನ್ನು ಕೂರಿಸಿ, ಪಂದ್ಯ ಬಿಟ್ಟುಕೊಟ್ಟ. ಶಿಷ್ಯನ ಪಟ್ಟಕ್ಕಿಂತ ಶಿಷ್ಯನ ಜೀವ ಮುಖ್ಯ ಎಂದು ಲೋಕವೆಲ್ಲ ನೋಡುತ್ತಿರುವಾಗ ತೀರ್ಮಾನಿಸಲು ಎಂಥ ಗಟ್ಟಿತನ ಬೇಕು!

ಅಂಥವನು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೊರಿಯಾದ ಕಿಮ್ ದುಕ್ ಕೂನ ಕಥೆ ಇದೆ. ಅವನು ಹೆವಿವೇಟ್ ಅಲ್ಲ, ಲೈಟ್‌ವೇಟ್. 1982ರ ನವೆಂಬರ್ 13ರಂದು ಲಾಸ್ ವೇಗಾಸ್‌ನಲ್ಲಿ ರೇ ಮ್ಯಾನ್ಸಿನಿಯ ಎದುರು ಹದಿಮೂರು ಸುತ್ತು ತಾಳಿ, ಹದಿನಾಲ್ಕನೆಯದರಲ್ಲಿ ಬಿದ್ದು, ಪ್ರಜ್ಞೆ ಮರಳದೆ ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನನ್ನು ಮದುವೆಯಾಗಬೇಕಿದ್ದವಳು ಆಗ ಗರ್ಭಿಣಿ. ಅವನ ತಾಯಿ ಕೆಲವೇ ತಿಂಗಳಲ್ಲಿ ಪ್ರಾಣ ಕಳೆದುಕೊಂಡಳು. ಪಂದ್ಯದ ರೆಫರಿಯೂ ಮರುವರ್ಷ ಆತ್ಮಹತ್ಯೆ ಮಾಡಿಕೊಂಡ. ಆಮೇಲೆ ಹದಿನೈದು ಸುತ್ತುಗಳನ್ನು ಹನ್ನೆರಡಕ್ಕೆ ಇಳಿಸಿದರು; ಆ ದಶಕ ಮುಗಿಯುವುದರೊಳಗೆ ಎಲ್ಲ ಸಂಸ್ಥೆಗಳೂ ಅದನ್ನೇ ಒಪ್ಪಿದವು. ಇಂದಿನವರು ಹದಿನೈದು ಸುತ್ತು ತಾಳಲಾರರು ಎಂದು ಹಳಬರ ಅಭಿಮಾನಿಗಳು ಹಂಗಿಸುವಾಗ ನನಗೆ ನೆನಪಾಗುವುದು ಆ ಮೂರು ಸುತ್ತುಗಳಿಗೆ ಬೆಲೆ ತೆತ್ತ ಮನೆಯೇ.

ಆದ್ದರಿಂದ ಯಾವ ಕಾಲದವನು ಹೆಚ್ಚು ಗಟ್ಟಿ ಎಂದು ಕೇಳಿದರೆ, ಹೊಡೆತ ತಡೆಯುವುದರಲ್ಲಿ 1970ರ ದಶಕದವರೇ ಎನ್ನುತ್ತೇನೆ: ಅಲಿ, ಚುವಾಲೊ, ಫ್ರೇಜಿಯರ್. ಬಹುಕಾಲ ಉಳಿಯುವುದರಲ್ಲಿ, 1994ರಲ್ಲಿ 45ನೆಯ ವಯಸ್ಸಿನಲ್ಲಿ ಮತ್ತೆ ಚಾಂಪಿಯನ್ ಆದ ಫೋರ್‌ಮನ್ ಮತ್ತು 75 ಪಂದ್ಯಗಳಲ್ಲಿ ಒಮ್ಮೆ ಮಾತ್ರ ಅವಧಿಗೆ ಮುನ್ನ ಸೋತ ಹೋಮ್ಸ್. ಬಾಳುವುದರಲ್ಲಿ ಟನ್ನಿ. ಮೂರೂ ಪಟ್ಟಿಗಳಲ್ಲಿ ಒಂದೇ ಹೆಸರು ಮೇಲೆ ಬರುವುದಿಲ್ಲ ಎಂಬುದನ್ನು ಗಮನಿಸಿ. ತಾಳುವುದೂ ಬಾಳುವುದೂ ಒಂದೇ ಎಂದು ಗಾದೆ ಎಷ್ಟು ಸಲೀಸಾಗಿ ಹೇಳಿಬಿಟ್ಟಿತು! ಇನ್ನು ಮುಂದೆ ಯಾರಾದರೂ ಯಾವುದಾದರೂ ಹೆಣ್ಣುಮಗಳನ್ನು ನಮ್ಮೆದುರು ಎಂಥ ಸಹನೆ, ಎಷ್ಟೆಲ್ಲ ತಡೆದುಕೊಂಡಳು ಎಂದು ಹೊಗಳಿದರೆ, ಎಷ್ಟನೆಯ ಸುತ್ತು ನಡೆಯುತ್ತಿದೆ, ಅವಳ ಮೂಲೆಯಲ್ಲಿ ನಿಂತಿರುವವರು ಯಾರು ಎಂದು ಮೊದಲು ಕೇಳಿಕೊಳ್ಳೋಣ.